ಹತ್ತಕ್ಕೆ ಎಷ್ಟು

ಮೆಗ್ಗಾನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ
ರೆಹಮತ್ ಸಿಸ್ಟರ್ ಕೇಳಿದರು:
"ನೋವು ಹತ್ತಕ್ಕೆ ಎಷ್ಟು, ಹೇಳಮ್ಮ."

ಲೆಕ್ಕ ತಪ್ಪುವವಳಲ್ಲ ನಾನು.
ಹನ್ನೊಂದು ವರ್ಷ ಟಿಕೆಟ್ ಹರಿದವಳು,
ಶಿವಮೊಗ್ಗ ಕುಂದಾಪುರ, ವಯಾ ಹೊಸನಗರ.
ಕೂತ ತಲೆ, ನಿಂತ ತಲೆ, ಮಡಿಲ ಮಕ್ಕಳ ಅರ್ಧ ತಲೆ
ಕಣ್ಣಲ್ಲೇ ಎಣಿಸಿ ಮುಗಿಸುವವಳು.
ಆದರೂ ತಡವರಿಸಿದೆ.

ಯಾಕಂದರೆ ಹತ್ತಿದ್ದು ಹೊಸ ಗಿರಾಕಿಯಲ್ಲ.
ಸೊಂಟದ ಹಿಂಬಾಗಿಲಿನಿಂದ ಬಂದು
ತೊಡೆಗಿಳಿದು, ಮತ್ತೆ ಮೇಲೇರಿ,
ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ
ಹನಿ ನಿಂತ ಮೇಲೂ ಇನ್ನೊಂದು ಸುತ್ತು ತಿರುಚುವ ಈ ಕೈ
ನನಗೆ ಗೊತ್ತು.
ಹದಿಮೂರನೇ ವಯಸ್ಸಿನಿಂದ
ತಿಂಗಳ ಪಾಸು ಮಾಡಿಸಿಕೊಂಡು ನನ್ನಲ್ಲೇ ಓಡಾಡಿದ್ದು.
"ಓ, ನೀನಾ" ಅಂದೆ.
ಸಿಸ್ಟರ್ ತನಗೇ ಅಂದುಕೊಂಡು
"ಹ್ಞೂಂ, ನಾನೇ" ಅಂದರು.

ಹುಲಿಕಲ್ ಘಾಟಿಯಲ್ಲಿ ಒಂದು ಎರಡನೇ ದಿನ
ಕಂಬಿ ಹಿಡಿದು ನಿಂತಿದ್ದೆ.
ನನ್ನ ಸೀಟಿನಲ್ಲಿ ನಗರದಲ್ಲಿ ಹತ್ತಿದ ಬಸುರಿ,
ನಾನೇ ಕೂರಿಸಿದ್ದು.
ಹಾಲೇಶಣ್ಣ ಸ್ಟೇರಿಂಗ್ ತಿರುಗಿಸಿದಾಗೆಲ್ಲ
ನನ್ನೊಳಗೂ ಅದೇ ತಿರುವು.
ಬಾಯ ತುಂಬ ನೀರು, ಬೆನ್ನಿಗೆ ತಣ್ಣನೆ ಬೆವರು.
ಚಂಡಿಕಾಂಬೆ ಗುಡಿಯೆದುರು ಎಲ್ಲರೂ ಕಾಣಿಕೆ ಹಾಕುವಾಗ
ಹಿಂದಿನ ಚಕ್ರದ ಮರೆಯಲ್ಲಿ ವಾಂತಿ ಮಾಡಿ
ಬಾಯಿ ತೊಳೆದು ಸೀಟಿ ಊದಿದೆ. ರೈಟ್ ರೈಟ್.
ಯಾರೋ ಚಿಲ್ಲರೆ ಕೇಳಿದರು. ಕೊಟ್ಟೆ.
ಆ ದಿನ ಲೆಕ್ಕದಲ್ಲಿ ಎರಡು ರೂಪಾಯಿ ಕಡಿಮೆ ಬಂತು.

ಅವ್ವ ಅನ್ನುತ್ತಿದ್ದಳು, "ಇದೇನು ಮಹಾ, ಹೆರುವಾಗ ಗೊತ್ತಾಗುತ್ತೆ."
ಅತ್ತಿಗೆ ಅನ್ನುತ್ತಿದ್ದಳು, "ಒಂದು ಹೆತ್ತರೆ ಎಲ್ಲ ಸರಿಹೋಗುತ್ತೆ."
ಒಬ್ಬಳಿಗೆ ಹೆರಿಗೆ ಬೆದರಿಕೆ, ಇನ್ನೊಬ್ಬಳಿಗೆ ಮದ್ದು.
ಜೀರಿಗೆ ಕಷಾಯ ಮಾತ್ರ ಇಬ್ಬರದೂ ಒಂದೇ.

ಹೆರಿಗೆ ನೋವು ದೊಡ್ಡದು, ಸುಳ್ಳಾಡುವುದಿಲ್ಲ.
ರಾತ್ರಿ ಮೂರಕ್ಕೆ ಮಂಚದ ಕಂಬಿ ಕಿತ್ತುಬರುವ ಹಾಗೆ ಎಳೆದೆ,
ಹೊರಗೆ ಬೆಂಚಿನಲ್ಲಿದ್ದ ಗಂಡನನ್ನು
ಕರೆಯಬಾರದ ಹೆಸರಲ್ಲೆಲ್ಲ ಕರೆದೆ.
ಆದರೆ ಅದಕ್ಕೆ ಸ್ಟಾಪುಗಳಿದ್ದವು.
ಆಯನೂರು ಬಂತು, ನಿಂತಿತು, ಉಸಿರು ಇಳಿದು ಹತ್ತಿತು.
ರಿಪ್ಪನ್‌ಪೇಟೆ ಬಂತು, ನಿಂತಿತು.
ಎಲ್ಲಿಗೆ ಹೋಗುತ್ತಿದ್ದೇನೆಂದು ಬೋರ್ಡಿತ್ತು.
ಬೆನ್ನುಜ್ಜಲು ಅತ್ತಿಗೆ, ಹರಕೆ ಹೊರಲು ಅವ್ವ,
ಫ್ಲಾಸ್ಕಿನಲ್ಲಿ ಕಾಫಿ,
ಡಿಪೋದಿಂದ ಮೂರು ಸಲ ಫೋನು.
ಚೀರಿದರೆ, ಚೀರು ತಾಯಿ, ಅಂದರು.

ತಿಂಗಳಿನದಕ್ಕೆ ಬೋರ್ಡಿಲ್ಲ.
ಎಲ್ಲಿಗೂ ಮುಟ್ಟಿಸದೆ, ಯಾರನ್ನೂ ಇಳಿಸದೆ
ಇಡೀ ರಾತ್ರಿ ಓಡಿ ಡಿಪೋಗೇ ವಾಪಸು.
ರಜೆ ಅರ್ಜಿಯಲ್ಲಿ ಕಾರಣ: ಜ್ವರ.
ನೂರು ಚಿಲ್ಲರೆ ಸಲ ಜ್ವರ ಬಂದವಳು ನಾನು.
"ನೀವೊಂದು ರಕ್ತ ಪರೀಕ್ಷೆ ಮಾಡಿಸಬೇಕು ಮೇಡಂ"
ಅಂದಿದ್ದ ಗುಮಾಸ್ತ ಓಬಳೇಶ.
ಪಾಪ, ರಕ್ತ ಅಂದದ್ದಂತೂ ಸರಿ.

ಸಿಸ್ಟರಿಗೆ ಕೊನೆಗೆ ಹೇಳಿದೆ: "ಎಂಟು."
"ಇನ್ನೂ ಶುರು, ಈಗಲೇ ಎಂಟಾ?" ನಕ್ಕರು.
"ಹದಿಮೂರರಿಂದಲೂ ಎಂಟೇ. ಯಾರೂ ಕೇಳಿರಲಿಲ್ಲ."
ಬರೆಯುವ ಪೆನ್ನು ನಿಂತಿತು.
ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ,
"ನನಗೆ ಇವತ್ತು ಏಳು" ಅಂದರು,
ಪಕ್ಕದ ಮಂಚಕ್ಕೆ ನಡೆದರು.

ಮಗು ಹುಟ್ಟಿತು, ಐದೂಕಾಲಿಗೆ. ಗಂಡು.
ಸಕ್ಕರೆ ಹಂಚಿದರು.

ಹದಿನಾಲ್ಕನೇ ತಿಂಗಳು, ಮಾಸ್ತಿಕಟ್ಟೆ ದಾಟಿದ ಮೇಲೆ,
ಹಿಂಬಾಗಿಲಿನಿಂದ ಯಾರೋ ಹತ್ತಿದ ಹಾಗಾಯಿತು.
ಟಿಕೆಟ್ ಕೇಳಲಿಲ್ಲ. ಪಾಸಿತ್ತಲ್ಲ.
"ಹಾಲೇಶಣ್ಣ, ಗುಡಿ ಹತ್ತಿರ ಐದು ನಿಮಿಷ ಜಾಸ್ತಿ ನಿಲ್ಲಿಸಿ."
"ಯಾಕೆ, ಜ್ವರವಾ?"
"ಅಲ್ಲ," ಅಂದೆ, ನಾಲ್ಕು ಸೀಟಿಗೆ ಕೇಳುವಷ್ಟು ಗಟ್ಟಿಯಾಗಿ,
"ಮುಟ್ಟು. ಹತ್ತಕ್ಕೆ ಎಂಟು."

ಕನ್ನಡಿಯಲ್ಲಿದ್ದ ಅವನ ಕಣ್ಣು ತಟ್ಟನೆ ರಸ್ತೆಗೆ ಹೋಯಿತು.
ಮುಂದಿನ ತಿರುವನ್ನು ಬಸ್ಸು
ಸ್ವಲ್ಪ ನಿಧಾನಕ್ಕೆ ತೆಗೆದುಕೊಂಡಿತೋ,
ನನಗೆ ಹಾಗನ್ನಿಸಿತೋ.